ಖಾಲಿ ತೊಟ್ಟಿಲು ಒಯ್ಯಬಾರದು

ಖಾಲಿ ಗಾಡಿಯೊಂದು ಪರವೂರಿಗೆ ಹೊರಟಿದೆ ಎಂದು ಗೊತ್ತಾದರೆ ಸಾಕು, ನಮ್ಮ ಜನ ಅಜ್ಜನ ಗೋರಿಯನ್ನಾದರೂ ಕಿತ್ತು ತಂದು ಅದರೊಳಗೆ ಹೇರಿ, 'ಈಟು ಮುಟ್ಟಿಸಿಬಿಡ್ರಿ' ಎನ್ನುತ್ತಾರೆ. ಡಾಲಸ್ ಪಕ್ಕದ ರಿಚರ್ಡ್‌ಸನ್ನಿನ ಸುಮಿತ್ರವ್ವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನು ಅವಳ ಗಂಡ ಮಹಾಂತಪ್ಪ. ಟೆಕ್ಸಾಸ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವನು, 'ಶನಿವಾರ ಟ್ರೇಲರ್ ಕಟ್ಟಿಕೊಂಡು ಆಸ್ಟಿನ್ ಮೇಲೆ ಹಾಯ್ದು ಹೂಸ್ಟನ್ನಿಗೆ ಹೊರಟಿದ್ದೇವೆ' ಎಂದು ಬರೆದು, ಕೆಳಗೆ ಕೈಮುಗಿದ ಚಿತ್ರವೊಂದನ್ನು ಬೇರೆ ಅಂಟಿಸಿದ್ದ.

ಶನಿವಾರ ನಸುಕಿನಲ್ಲಿ ಸುಮಿತ್ರವ್ವ ಬಾಗಿಲು ತೆರೆದರೆ ಮನೆಯ ಮುಂದೆ ಸಂತೆ ನೆರೆದಿತ್ತು. ಈರಣ್ಣನೆಂಬ ಪುಣ್ಯಾತ್ಮ ಹೂಸ್ಟನ್ನಿನ ತಮ್ಮನಿಗೆಂದು ತನ್ನ ಟ್ರೆಡ್‌ಮಿಲ್ ಉರುಳಿಸಿಕೊಂಡು ಬಂದಿದ್ದ (ಅದರ ಮೇಲೆ ಅವನು ಒಂದು ದಿನವೂ ಓಡಿದವನಲ್ಲ, ಅವನ ಹೆಂಡತಿ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು). ಯಾರದೋ ಹಾರ್ಮೋನಿಯಂ, ಯಾರದೋ ಮಗಳ ಭರತನಾಟ್ಯದ ಪೆಟ್ಟಿಗೆ, ಎಣ್ಣೆ ಸೋರುವ ಉಪ್ಪಿನಕಾಯಿ ಡಬ್ಬಿಗಳು, ಸೋಫಾದ ದಿಂಬುಗಳು. ಸೋಫಾ ಎಲ್ಲಿ ಎಂದರೆ, 'ಅದು ಮುಂದಿನ ಸಲ' ಎಂಬ ಉತ್ತರ ಬಂತು.

"ಏನ್ರೀ ಇದು?"

"ಟ್ರೇಲರ್ ಖಾಲಿ ಹೊಂಟೈತಲ್ಲ, ಸುಮಿತ್ರಾ. ಮಂದಿ ಕೇಳಿದ್ರು. ಇಲ್ಲ ಅನ್ನಾಕ ಬರತೈತೇನು?"

"ನಿಮ್ಮ ತಲಿನೂ ಖಾಲಿ ಐತಿ. ಅದರಾಗೂ ಹೇರ್ರಿ."

ಟ್ರೇಲರ್ ಕಟ್ಟಿದ್ದು ಟ್ರೆಡ್‌ಮಿಲ್ಲಿಗಲ್ಲ, ತೊಟ್ಟಿಲಿಗೆ. ಅದು ಅಂಥಿಂಥ ತೊಟ್ಟಿಲಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು, ಸುಮಿತ್ರವ್ವನ ಅಜ್ಜಿಯ ಕಾಲದ್ದು. ಅರಗಿನ ಬಣ್ಣ ಇನ್ನೂ ನಿನ್ನೆ ಬಳಿದಂತೆ ಹೊಳೆಯುತ್ತಿತ್ತು. ನಾಲ್ಕು ಮೂಲೆಗೆ ಗಿಳಿ, ಹಿತ್ತಾಳೆ ಸರಪಳಿ. ಸಮುದ್ರ ದಾಟಿ ಬಂದ ಮೇಲೆ ಡಾಲಸ್ಸು, ಆಸ್ಟಿನ್ನು, ಹೂಸ್ಟನ್ನುಗಳ ನಡುವೆ ಅದು ಮಠದ ಪಲ್ಲಕ್ಕಿಯಂತೆ ಸಂಚಾರ ಮಾಡುತ್ತಿತ್ತು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನಕ್ಕೆ ಸುಮಿತ್ರವ್ವನ ತೊಟ್ಟಿಲೇ ಬೇಕು. ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅದೆಷ್ಟೋ ಮಕ್ಕಳು ಅದರಲ್ಲಿ ಉಚ್ಚೆ ಹೊಯ್ದು ದೊಡ್ಡವರಾಗಿದ್ದರು.

ಮೊದಲೆಲ್ಲ ಅದರ ಗೂಟ ಕಿತ್ತು, ಕಾಲು ಬೇರೆ ಮೈ ಬೇರೆ ಮಾಡಿ ಕಾರಿನಲ್ಲೇ ಒಯ್ಯುತ್ತಿದ್ದರು. ಕಡೆಗೆ ಒಯ್ದವನು ಆಸ್ಟಿನ್ನಿನ ಚಂದ್ರಮೋಹನ. ಮೈಸೂರಿನ ಹುಡುಗ, ಚಿಪ್ ವಿನ್ಯಾಸದ ಎಂಜಿನಿಯರ್, ಬೆಕ್ಕಿಗೂ ಬಹುವಚನ ಹಚ್ಚಿ ಮಾತಾಡುವಷ್ಟು ಮೆದು. ಗೂಟಗಳು ಅಲ್ಲಾಡುತ್ತವೆ ಎಂದು ಕನಿಕರಪಟ್ಟು ಅವನು ಅಮೆರಿಕದ ಅಂಟು ಹಾಕಿ, ಮೊಳೆ ತಿರುಗಿಸಿ, ತಾಯಿ ಬಂದರೂ ಮಾಯಿ ಬಂದರೂ ಬಿಚ್ಚದಂತೆ ಭದ್ರ ಮಾಡಿಟ್ಟಿದ್ದ. 'ಆಂಟಿ, ಸರ್‌ಪ್ರೈಸ್!' ಎಂದು ಫೋಟೋ ಕಳಿಸಿದ್ದ. ತೊಟ್ಟಿಲು ಇನ್ನೂ ಅವನ ಮನೆಯಲ್ಲೇ ಇತ್ತು, ಇನ್ನು ಅದು ಕಾರಿನಲ್ಲಿ ಹಿಡಿಸುವಂತಿರಲಿಲ್ಲ. ಆ ಸರ್‌ಪ್ರೈಸಿನ ಫಲವೇ ಈ ಟ್ರೇಲರು.

ಈಗ ಹೆಸರಿಡಬೇಕಾದದ್ದು ಸುಮಿತ್ರವ್ವನ ಸ್ವಂತ ಮೊಮ್ಮಗಳಿಗೆ. ಹಿರಿಯ ಮಗಳು ನಿವೇದಿತಾ ಹೂಸ್ಟನ್ನಿನ ಕ್ಲಿಯರ್ ಲೇಕಿನಲ್ಲಿ ಹೆತ್ತಿದ್ದಳು. ತೊಟ್ಟಿಲು ತವರುಮನೆಯಿಂದ ಹೋಗಬೇಕು, ಅದೂ ಶನಿವಾರ ಸಂಜೆ ದೀಪ ಹಚ್ಚುವುದರೊಳಗೆ. ಅಲ್ಲಿ ಹುಬ್ಬಳ್ಳಿಯಿಂದ ಬಂದಿಳಿದ ಬೀಗತಿ ಗಂಗವ್ವ ಆಗಲೇ ಅಂಗಡಿಯಿಂದ ಬ್ಯಾಟರಿ ತೊಟ್ಟಿಲೊಂದನ್ನು ತರಿಸಿ ಕೂರಿಸಿದ್ದಳು. ಫೋನಿನಲ್ಲಿ ಅವಳು ಅಂದದ್ದು ಇಷ್ಟೇ: "ನಿಮ್ಮದು ಬಂದ್ರ ಬರಲಿ ಬೀಗತ್ಯಾರ, ಬರದಿದ್ರ ನಮ್ಮದು ಐತಿ ಬಿಡ್ರಿ."

ಆ 'ಬಿಡ್ರಿ' ಸುಮಿತ್ರವ್ವನ ಅಂಗಾಲಿನಲ್ಲಿ ಜಾಲಿ ಮುಳ್ಳಿನಂತೆ ಮುರಿದು ಕೂತಿತ್ತು. ಬ್ಯಾಟರಿಯಂತೆ! ಗೋಡೆ ಗಡಿಯಾರಕ್ಕೆ ಹಾಕುವುದನ್ನು ಕೂಸಿನ ಕುಂಡಿಯ ಕೆಳಗೆ ಹಾಕುತ್ತಾರಂತೆ! ತನ್ನ ವಂಶದ ಕೂಸು ಪ್ಲಾಸ್ಟಿಕ್ಕಿನಲ್ಲಿ ಹೆಸರಿಡಿಸಿಕೊಂಡರೆ ತಾನು ಇಷ್ಟು ವರ್ಷ ಊರವರ ಕೂಸುಗಳಿಗೆ ತೊಟ್ಟಿಲು ಕೊಟ್ಟದ್ದು ಯಾವ ಸಂಭ್ರಮಕ್ಕೆ?

ಹೀಗಾಗಿ ಗಾಡಿ ಹೊರಟಿತು. ಮುಂದೆ ಮಹಾಂತಪ್ಪ, ಪಕ್ಕದಲ್ಲಿ ಸುಮಿತ್ರವ್ವ, ಹಿಂದಿನ ಸೀಟಿನಲ್ಲಿ ಕಿವಿಗೆ ಬಿರಡೆ ಜಡಿದುಕೊಂಡ ಕಿರಿಮಗಳು ಪ್ರೇರಣಾ, ಅದರ ಹಿಂದೆ ಊರವರ ಸಂಸಾರ ಹೊತ್ತ ಟ್ರೇಲರು.

ಮಹಾಂತಪ್ಪ ದೀಪದ ಬೋರ್ಡು ಮಾಡಿಕೊಡುವ ಅಂಗಡಿ ಇಟ್ಟವನು. ಅರ್ಧ ರಿಚರ್ಡ್‌ಸನ್ನಿನ ಅಂಗಡಿಗಳ ನೆತ್ತಿಯ ಮೇಲೆ ಅವನು ಮಾಡಿದ ಅಕ್ಷರಗಳು ಉರಿಯುತ್ತವೆ. ಆದರೆ ಟ್ರೇಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತೆಗೆಯಲು ಅವನಿಗೆ ಬರುತ್ತಿರಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರು ಬಲಕ್ಕೆ ಹೋಗುತ್ತದೆ. ಅದನ್ನು ಸರಿ ಮಾಡಲು ಹೋದರೆ ಗಾಡಿ ತನ್ನ ಬಾಲ ತಾನೇ ಕಚ್ಚುವ ನಾಯಿಯಾಗುತ್ತದೆ. ಇದನ್ನು ಒಪ್ಪಿಕೊಳ್ಳುವ ಬದಲು ಅವನು ಒಂದು ಸಿದ್ಧಾಂತ ಕಟ್ಟಿದ್ದ: ಹಿಂದಕ್ಕೆ ತೆಗೆಯಬೇಕಾಗುವ ಜಾಗದಲ್ಲಿ ನಿಲ್ಲಿಸಬಾರದು. ಮುಂದಿನಿಂದ ಹೊಕ್ಕು ಮುಂದಿನಿಂದಲೇ ಹೊರಬೀಳುವಂಥ ಪೆಟ್ರೋಲ್ ಬಂಕು ಸಿಗುವವರೆಗೆ ಯಾರೂ ಏನನ್ನೂ ಕೇಳಬಾರದು.

ವೇಕೋ ಊರಿನ ಹತ್ತಿರ ಮೂವತ್ತೈದನೇ ಹೆದ್ದಾರಿಯ ದುರಸ್ತಿ ನಡೆದಿತ್ತು. (ಅವರು ಈ ದೇಶಕ್ಕೆ ಬಂದ ದಿನವೂ ನಡೆದಿತ್ತು, ಅವರ ಮೊಮ್ಮಕ್ಕಳು ಹೆರುವ ದಿನವೂ ನಡೆದಿರುತ್ತದೆ.) ಕಿತ್ತಳೆ ಬಣ್ಣದ ಪೀಪಾಯಿಗಳ ನಡುವೆ ಗಾಡಿಗಳು ತೆವಳುತ್ತಿದ್ದವು. ಹಿಂದಿನಿಂದ ಲಾರಿಯವನೊಬ್ಬ ಹಾರ್ನ್ ಒತ್ತಿ ಹಿಡಿದಿದ್ದ. ಬಿಸಿಲು ಗಾಜಿನೊಳಗಿಂದ ಬಂದು ಸುಮಿತ್ರವ್ವನ ಮಗ್ಗುಲು ಸುಡುತ್ತಿತ್ತು. ಬೆಳಿಗ್ಗೆ ಕುಡಿದ ಎರಡು ಲೋಟ ಚಹಾ ಬೇರೆ ಹೊರಗೆ ಹೋಗಲು ಅರ್ಜಿ ಹಾಕಿತ್ತು.

"ಎಲ್ಯಾರ ನಿಲ್ಲಸ್ರಿ."

"ನೋಡೂಣು. ಅನುಕೂಲ ಇರೂ ಜಾಗ ಬರಲಿ."

"ನಾಕು ಬಂಕು ಹೋದುವಲ್ಲರಿ!"

"ಅವು ಅನುಕೂಲ ಇರಲಿಲ್ಲ."

"ನನ್ನ ಹೊಟ್ಟಿ ಏನು ಮಲಪ್ರಭಾ ಡ್ಯಾಮ್ ಏನ್ರೀ? ಗೇಟ್ ತೆಗೀಬೇಕಂದ್ರ ನಿಮ್ಮ ಅನುಕೂಲ ನೋಡಬೇಕೇನು?"

"ಅವ್ವಾ, ಪ್ಲೀಸ್, ಟೂ ಮಚ್ ಇನ್ಫರ್ಮೇಶನ್," ಎಂದಳು ಹಿಂದಿನಿಂದ ಪ್ರೇರಣಾ.

"ನಿನ್ನ ಹೆತ್ತಾಗಲೂ ಹಿಂಗ ಟ್ರಾಫಿಕ್‌ನ್ಯಾಗ ಸಿಗಿಸಿದ್ದ ನಿಮ್ಮಪ್ಪ. ಸ್ವಲ್ಪ ತಪ್ಪಿದ್ರ ನೀ ಮೂವತ್ತೈದರ ಮ್ಯಾಲೆ ಹುಟ್ಟತಿದ್ದಿ. ಸುಮ್ಮ ಕುಂಡ್ರು."

ಆಸ್ಟಿನ್ ಮುಟ್ಟುವ ಹೊತ್ತಿಗೆ ಸುಮಿತ್ರವ್ವ ಬರೀ ಸಿಟ್ಟಾಗಿರಲಿಲ್ಲ, ಕುದ್ದು ಉಕ್ಕುವ ಎಸರಾಗಿದ್ದಳು. ಚಂದ್ರಮೋಹನನ ಗ್ಯಾರೇಜಿನ ಮುಂದಿನ ಇಳಿಜಾರಿಗೆ ಟ್ರೇಲರನ್ನು ಹಿಮ್ಮುಖವಾಗಿ ಸೇರಿಸಬೇಕಿತ್ತು. ಮಹಾಂತಪ್ಪ ಅದನ್ನು ನೋಡಿದ, ಕೆಮ್ಮಿದ, ಮುಂದಿನ ಮೂಲೆ ತಿರುಗಿ ಬೀದಿಬದಿಯಲ್ಲಿ ನಿಲ್ಲಿಸಿದ. "ನೆರಳೈತಿ ಇಲ್ಲೆ," ಎಂದ. ಅಲ್ಲಿ ನೆರಳು ಕೊಡುವಂಥದು ಒಂದು ಅಂಚೆ ಡಬ್ಬಿ ಮಾತ್ರ ಇತ್ತು.

ಸುಮಿತ್ರವ್ವ ಓಡುತ್ತ ಒಳಗೆ ಹೋಗಿ, ನಿರಾಳವಾಗಿ ಹೊರಗೆ ಬರುವಷ್ಟರಲ್ಲಿ ಗಂಡಸರಿಬ್ಬರೂ ತೊಟ್ಟಿಲನ್ನು ಹೊತ್ತು ಟ್ರೇಲರಿಗೆ ಏರಿಸಿಬಿಟ್ಟಿದ್ದರು. ಅವಳು ಇಣುಕಿ ನೋಡಿದಳು.

"ಯಾವ ಅಡ್ಡಕಸಬಿ ಮಾಡಿದ ಕೆಲಸ ಇದು? ಖಾಲಿ ತೊಟ್ಟಿಲ ಹೇರೀರಿ?"

"ಖಾಲಿ ಅಲ್ದ ಮತ್ತೇನು?" ಎಂದ ಮಹಾಂತಪ್ಪ. "ಕೂಸು ಅಲ್ಲೈತಿ, ಹೂಸ್ಟನ್‌ದಾಗ."

"ಖಾಲಿ ತೊಟ್ಟಿಲ ತೂಗಬಾರದು, ಖಾಲಿ ತೊಟ್ಟಿಲ ಒಯ್ಯಬಾರದು. ನಿಮ್ಮವ್ವ ಹೇಳಿಲ್ಲೇನು? ಗುಂಡಕಲ್ಲಿಗೆ ಕುಂಚಿಗಿ ಕಟ್ಟಿ ಮಲಗಿಸಿ ಒಯ್ಯಬೇಕು. ಇಳಸ್ರಿ ಕೆಳಗ! ಗಾಡಿ ಅಲ್ಲಾಡಿದಂಗೆಲ್ಲ ತೂಗತೈತಿ ಅದು. ಇಳಸ್ರಿ ಮೊದಲು!"

ಚಂದ್ರಮೋಹನ ಕೈ ಹೊಸೆಯುತ್ತ, "ಇಳಿಸೋಣ ಆಂಟಿ, ಖಂಡಿತ ಇಳಿಸೋಣ, ನೀವು ಬೇಜಾರು ಮಾಡ್ಕೋಬೇಡಿ," ಎಂದ. ತೊಟ್ಟಿಲು ಮರಳಿ ಗ್ಯಾರೇಜಿಗೆ ಹೋಯಿತು.

ಇನ್ನು ಗುಂಡಕಲ್ಲಿನ ಬೇಟೆ. ಚಂದ್ರಮೋಹನನ ಹೆಂಡತಿ ನಳಿನಿ ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಅಡಿಗೆಮನೆಯೆಲ್ಲ ತಡಕಿದಳು.

"ಆಂಟಿ, ವೆಟ್ ಗ್ರೈಂಡರ್ ಕಲ್ಲು ಆಗಲ್ವಾ?"

"ನಡಬರಕ ತೂತು ಇರೂ ಕಲ್ಲು ಕೂಸು ಆಗತೈತೇನವಾ?"

"ಕುಟ್ಟಾಣಿ?"

"ಅದು ಹಿತ್ತಾಳಿ."

ಸುಮಿತ್ರವ್ವ ಸೆರಗು ಬಿಗಿದು ಬೀದಿಗಿಳಿದಳು. ಪಕ್ಕದ ಮನೆಯವರು ಹೂವಿನ ಮಡಿಯ ಸುತ್ತ ಹೊಳೆಗಲ್ಲುಗಳನ್ನು ಸಾಲಾಗಿ ಜೋಡಿಸಿದ್ದರು. ಅದರಲ್ಲಿ ದುಂಡಗಿನದೊಂದನ್ನು, ಸಂತೆಯಲ್ಲಿ ಕಲ್ಲಂಗಡಿ ಆರಿಸಿದಂತೆ ತಟ್ಟಿ ನೋಡಿ, ಎತ್ತಿಕೊಂಡಳು.

"ಅಯ್ಯೋ ಆಂಟಿ, ಅದು ಪಕ್ಕದ ಮನೆಯವರದು! ಅವರು ತುಂಬಾ ಸ್ಟ್ರಿಕ್ಟು!"

"ಭೂಮ್ತಾಯಿ ಹೆತ್ತ ಕಲ್ಲು. ಅದಕ್ಯಾವ ಪಕ್ಕದ ಮನಿ? ಅವರು ಕೇಳಿದ್ರ ಹೂಸ್ಟನ್‌ಗೆ ಹೆಸರಿಡಸಾಕ ಹೋಗೇತಿ ಅನ್ನು."

ಕಲ್ಲಿಗೆ ಎಣ್ಣೆ ಹಚ್ಚಿ ಎರೆದರು, ಅರಿಸಿನ ಬಳಿದರು. ಕಾಡಿಗೆಯಿಂದ ಎರಡು ಕಣ್ಣು ತಿದ್ದಿ, ದೃಷ್ಟಿಬೊಟ್ಟು ಇಟ್ಟು, ಮೊಮ್ಮಗಳಿಗೆಂದು ಸುಮಿತ್ರವ್ವ ಹೊಲಿದಿದ್ದ, ತಲೆಯಿಂದ ಬೆನ್ನಿಗೆ ಇಳಿಬೀಳುವ ಜರಿಯಂಚಿನ ಕುಂಚಿಗೆ ಕಟ್ಟಿದರು. ಕಲ್ಲು ಲಕ್ಷಣವಾಗಿಯೇ ಕಾಣುತ್ತಿತ್ತು. (ಮಹಾಂತಪ್ಪನ ಅಣ್ಣನ ಹೋಲಿಕೆ ಇದೆ ಎಂದು ಸುಮಿತ್ರವ್ವನಿಗೆ ಅನಿಸಿತು.)

ಕಲ್ಲನ್ನು ಎದೆಗಪ್ಪಿಕೊಂಡು ಹೊರಗೆ ಬಂದರೆ ಬೀದಿಯಲ್ಲಿ ಹೊಸ ಸಂತೆ. ವಾಟ್ಸಾಪ್ ನೋಡಿದ ಆಸ್ಟಿನ್ನಿನವರ ಎರಡು ಗಾಡಿ ಬಂದು ನಿಂತಿದ್ದವು. ಒಬ್ಬ ನೀರು ಕಾಯಿಸುವ ಬಾಯ್ಲರ್ ಇಳಿಸುತ್ತಿದ್ದ. ಇನ್ನೊಬ್ಬಳು ಕುಂಡದಲ್ಲಿ ಆಳುದ್ದದ ಕರಿಬೇವಿನ ಗಿಡ ಹಿಡಿದು, 'ಎಲೆ ಉದುರಬಾರದು ಅಂಕಲ್' ಎಂದು ತಾಕೀತು ಮಾಡುತ್ತಿದ್ದಳು. ಮಹಾಂತಪ್ಪ ಕೈಮುಗಿದು ನಿಂತು, "ಹೂಂ, ಇಡ್ರಿ, ಇಡ್ರಿ," ಎನ್ನುತ್ತಿದ್ದ.

ಎಸರು ಉಕ್ಕಿತು.

"ಇದೇನು ಲಾರಿ ಆಫೀಸ್ ಅಂತ ತಿಳದೀರೇನು? ನನ್ನ ಮೊಮ್ಮಗಳ ತೊಟ್ಟಿಲ ಹೊಂಟೈತಿ ಇದರಾಗ! ನಿಮ್ಮ ಬಾಯ್ಲರ್‌ಗೆ ಹೆಸರಿಡಬೇಕಾಗೇತೇನು? ಸರೀರಿ ಅತ್ತ! ಇನ್ನ ಒಂದು ಕಡ್ಡಿ ಇದರೊಳಗ ಹೋಗೂದಿಲ್ಲ!"

ಎಂದವಳೇ ಟ್ರೇಲರಿನ ಬಾಗಿಲನ್ನು ಒಂದು ಕೈಯಿಂದ ಧಡಾರನೆ ಮುಚ್ಚಿ, ಕೀಲಿ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಾಯ್ಲರಿನವನು ಬಾಯ್ಲರನ್ನು ಅಪ್ಪಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ಆಂಟಿ, ತಪ್ಪು ತಿಳ್ಕೋಬೇಡಿ," ಚಂದ್ರಮೋಹನ ಬಗ್ಗಿ ಹೇಳತೊಡಗಿದ. "ನಾನು ನಿಮಗೆ ಹೇಳುವಷ್ಟು ದೊಡ್ಡವನಲ್ಲ. ಆದ್ರೂ ಒಂದು ಸಣ್ಣ ವಿಷಯ ನಿಮ್ಮ ಗಮನಕ್ಕೆ ತರೋಣ ಅಂತ..."

"ನೀ ಏನೂ ತರಬ್ಯಾಡಪ್ಪ! ಅಂಟು ಹಚ್ಚಿ ಕೊಟ್ಟದ್ದು ಸಾಕು!"

"ಅಲ್ಲ ಆಂಟಿ, ಗ್ಯಾರೇಜಲ್ಲಿ ಇನ್ನೂ..."

"ಇನ್ನೂ ಇದ್ರ ಅಲ್ಲೇ ಇರಲಿ! ಮುಂದಿನ ವರ್ಷ ಕಳಸು!"

ಮಹಾಂತಪ್ಪ ಸ್ಟೇರಿಂಗ್ ಹಿಡಿದು ಕೂತು, "ಎಲ್ಲಾ ಬಂತಿಲ್ಲೋ?" ಎಂದು ಕೇಳಿದ.

"ಬಾಯಿ ಮುಚ್ಚಿ ಹೊಡೀರಿ!"

ಗಾಡಿ ಹೊರಟಿತು. ಹಿಂಬದಿಯ ಕನ್ನಡಿಯಲ್ಲಿ ಚಂದ್ರಮೋಹನ ಕೈಬೀಸುತ್ತ ಸ್ವಲ್ಪ ದೂರ ಓಡಿ ಬಂದ. ಮೈಸೂರಿನವರು ಬೀಳ್ಕೊಡುವ ರೀತಿ ಎಷ್ಟು ಚೆಂದ ಎಂದುಕೊಂಡು ಮಹಾಂತಪ್ಪ ತಾನೂ ಕೈಬೀಸಿದ.

ಊರು ದಾಟಿದ ಮೇಲೆ ಸುಮಿತ್ರವ್ವನಿಗೆ ಕಲ್ಲು ಇನ್ನೂ ತನ್ನ ತೊಡೆಯ ಮೇಲೆಯೇ ಇರುವುದು ಅರಿವಿಗೆ ಬಂತು. ಅಷ್ಟು ಆರ್ಭಟ ಮಾಡಿ ಜಡಿದ ಕೀಲಿಯನ್ನು ಈಗ ತೆಗೆಯುವುದೆಂದರೆ ಮಾನದ ಪ್ರಶ್ನೆ. ಅವಳು ಅಲ್ಲಿಯೇ ಒಂದು ಶಾಸ್ತ್ರ ಹೊಸೆದಳು: ಕಲ್ಲು ಮುಂದೆ, ತೊಟ್ಟಿಲು ಹಿಂದೆ, ನಡುವೆ ನಾಲ್ಕು ಮಾರು ಅಂತರ. ತಾಯಿ ಹೊಲದ ಈ ಬದುವಿನಲ್ಲಿ, ಕೂಸು ಆ ಬದುವಿನಲ್ಲಿ ಇದ್ದರೆ ಅದು ತಬ್ಬಲಿಯೇ? ಅಲ್ಲ. ಹಾಗಾದರೆ ತೊಟ್ಟಿಲೂ ಖಾಲಿ ಅಲ್ಲ.

ಫೋನು ಬಡಿದುಕೊಂಡಿತು. 'ಚಂದ್ರಮೋಹನ ಆಸ್ಟಿನ್' ಎಂದು ಹೆಸರು ಮೂಡಿತು.

"ನೋಡ್ರಿ, ಇನ್ನೂ ಬಿಟ್ಟಿಲ್ಲ ಇಂವ. 'ಹೊಳ್ಳಿ ಬರ್ರಿ, ಬಾಯ್ಲರ್ ಒಯ್ರಿ' ಅಂತಾನ." ಅವಳು ಫೋನಿನ ಬಾಯಿ ಕಟ್ಟಿ ಚೀಲದ ತಳಕ್ಕೆ ತುರುಕಿದಳು. ಗಂಡನ ಫೋನು ಹಾಡಿತು. ಅದನ್ನೂ ಕಸಿದು ಅದರ ಪಕ್ಕದಲ್ಲೇ ಹೂತಳು. "ಈ ಪೆಟ್ಟಿಗಿಯಿಂದನ ಹುಟ್ಟಿದ್ದು ಇಷ್ಟೆಲ್ಲಾ."

"ಒಂದು ಮಾತು ಹೇಳ್ಲೇನು?" ಎಂದ ಮಹಾಂತಪ್ಪ. "ತೊಟ್ಟಿಲ ಹೇರಿದ ಮ್ಯಾಲೂ ಗಾಡಿ ಮೊದಲಿನಂಗ ಹಗುರ ಎಳೀಲಿಕ್ಕತ್ತೈತಿ."

"ನಮ್ಮಜ್ಜಿ ತೊಟ್ಟಿಲ ಅದು. ಪುಣ್ಯದ ಭಾರ ಎತ್ತಿಗೆ ತಿಳಿಯೂದಿಲ್ಲ."

ಬ್ಯಾಸ್ಟ್ರಪ್ ದಾಟಿ ಸ್ವಲ್ಪ ದೂರ ಹೋಗಿದ್ದರು. ಪಕ್ಕದಲ್ಲಿ ಪೊಲೀಸ್ ಗಾಡಿಯೊಂದು ಸಮನಾಗಿ ಬಂತು. ಅದರೊಳಗಿನ ಟೋಪಿಯವನು ಸುಮಿತ್ರವ್ವನ ತೊಡೆಯತ್ತ ನೋಡಿದ, ಮತ್ತೆ ನೋಡಿದ. ಹಿಂದೆ ಸರಿದು ಕೆಂಪು ನೀಲಿ ದೀಪ ಹಚ್ಚಿದ.

ಮಹಾಂತಪ್ಪ ರಸ್ತೆಬದಿಗೆ ನಿಲ್ಲಿಸಿದ. (ಹಿಂದಕ್ಕೆ ತೆಗೆಯುವ ಪ್ರಶ್ನೆ ಇರಲಿಲ್ಲವಾದ್ದರಿಂದ ಚೆನ್ನಾಗಿಯೇ ನಿಲ್ಲಿಸಿದ.) ಪೊಲೀಸಿನವನು ಕಿಟಕಿಗೆ ಬಂದು, ಹಸುಗೂಸನ್ನು ಹೀಗೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು ಅಪರಾಧ, ಅದಕ್ಕೆ ಬೇರೆ ಸೀಟು ಬೇಕು, ಅದು ಎಲ್ಲಿ ಎಂದು ಗಡುಸಾಗಿ ಕೇಳಿದ.

"ನೋ ಬೇಬಿ, ಸರ್," ಎಂದಳು ಸುಮಿತ್ರವ್ವ. "ಸ್ಟೋನ್. ಬೇಬಿ ಇನ್ ಹೂಸ್ಟನ್."

"ಸ್ಟೋನ್?"

ಅವಳು ಕುಂಚಿಗೆ ಸರಿಸಿದಳು. ಹಳದಿ ಮುಖದ, ಕಾಡಿಗೆ ಕಣ್ಣಿನ ಹೊಳೆಗಲ್ಲು ಟೆಕ್ಸಾಸಿನ ಪೊಲೀಸನನ್ನು ರೆಪ್ಪೆ ಬಡಿಯದೆ ನೋಡಿತು. ಪೊಲೀಸನೂ ರೆಪ್ಪೆ ಬಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಪ್ರೇರಣಾ ದುಪಟ್ಟಾದೊಳಗೆ ಮುಖ ಹುದುಗಿಸಿ, "ಓ ಮೈ ಗಾಡ್, ಓ ಮೈ ಗಾಡ್," ಎಂದು ಜಪಕ್ಕೆ ಕೂತಿದ್ದಳು.

"ಟ್ರೇಲರಿನಲ್ಲಿ ಏನಿದೆ?" ಅವನು ಮೆಲ್ಲಗೆ ಕೇಳಿದ.

"ಕ್ರೇಡಲ್."

"ಈ ಕಲ್ಲಿಗಾ?"

"ಯೆಸ್ ಸರ್. ಫಸ್ಟ್ ಸ್ಟೋನ್, ನೆಕ್ಸ್ಟ್ ಬೇಬಿ. ಕ್ರೇಡಲ್ ನೋ ಗೋಯಿಂಗ್ ಎಂಪ್ಟಿ."

ಅವನು ಟೋಪಿ ತೆಗೆದು ತಲೆ ಕೆರೆದು ಮತ್ತೆ ಹಾಕಿಕೊಂಡ. ಟ್ರೇಲರಿನತ್ತ ಒಮ್ಮೆ ನೋಡಿದ. ತೆರೆಸಿದರೆ ಒಳಗೆ ಇನ್ನೇನು ನೋಡಬೇಕಾಗುತ್ತದೋ ಎಂಬ ಹೆದರಿಕೆ ಅವನ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಬ್ರೇಕ್ ಹಾಕಿದರೆ ಕಲ್ಲು ಹಾರಿ ಯಾರ ತಲೆಯಾದರೂ ಒಡೆದೀತು, ಅದಕ್ಕಾದರೂ ಬೆಲ್ಟ್ ಹಾಕಿ ಎಂದು ಹೇಳಿ ಬೇಗಬೇಗ ನಡೆದು ಹೋದ. ಕಲ್ಲು ಪ್ರೇರಣಾಳ ಪಕ್ಕಕ್ಕೆ ಬಂತು. ಬೆಲ್ಟ್ ಹಾಕಿಸಿಕೊಂಡು ಮರ್ಯಾದಸ್ಥನಂತೆ ಕೂತಿತು.

"ಒಂದು ಮಾತು ತೆಗೆದು ತೋರ್ಸು ಅಂದಿದ್ರ ಸುಮ್ಮ ತೋರಿಸಿಬಿಡತಿದ್ದೆ ನಾ," ಎಂದಳು ಸುಮಿತ್ರವ್ವ. "ನಮ್ಮ ತೊಟ್ಟಿಲ ನೋಡಿದ್ರ ಅವನೂ ಕೈಮುಗೀತಿದ್ದ."

ಕ್ಲಿಯರ್ ಲೇಕ್ ಮುಟ್ಟಿದಾಗ ಬಿಸಿಲು ಹಳದಿಗೆ ತಿರುಗಿತ್ತು. ಹೊತ್ತು ಮೀರಿರಲಿಲ್ಲ. ಮನೆಯ ಮುಂದೆ ರೇಷ್ಮೆ ಸೀರೆಗಳ ಸಾಲು. ನಡುವೆ ಆರತಿ ತಟ್ಟೆ ಹಿಡಿದ ಗಂಗವ್ವ. ಅಳಿಯ ಸುನೀಲ್ ಫೋನಿನಲ್ಲಿ ವಿಡಿಯೋ ಹಿಡಿದು ನಿಂತಿದ್ದ. ಬಾಗಿಲಲ್ಲಿ ಕೂಸು ಎತ್ತಿಕೊಂಡ ನಿವೇದಿತಾ. ಸುಮಿತ್ರವ್ವ ಕಲ್ಲನ್ನು ಎದೆಗವುಚಿಕೊಂಡು ಗಾಡಿಯಿಂದ ಇಳಿದಳು. ಇಡೀ ದಿನದ ಸಿಟ್ಟೆಲ್ಲ ಆ ಕ್ಷಣಕ್ಕೆ ಗೆಲುವಾಗಿ ಅವಳ ಮುಖಕ್ಕೆ ಬಂದಿತ್ತು.

"ಬರ್ರಿ ಬೀಗತ್ಯಾರ, ದಣದೀರಿ," ಎಂದಳು ಗಂಗವ್ವ.

"ದಣಿವೇನು ಬಂತು? ತೊಟ್ಟಿಲ ಅಂದ್ರ ಹಿಂಗ ಬರಬೇಕು. ಮೆರವಣಿಗಿ ಮ್ಯಾಲೆ ಬರಬೇಕು. ಅಂಗಡಿಗೆ ಹೋಗಿ, ಡಬ್ಬಿ ಒಡದು, ಶೆಲ್ ಹಾಕಿದ್ರ ಅದಕ್ಕ ತೊಟ್ಟಿಲ ಅಂತಾರೇನ್ರಿ? ಅದು ಮಿಕ್ಸರು. ವಿಡಿಯೋ ಚಾಲೂ ಐತೇನು ಸುನೀಲಪ್ಪ? ಹಿಡಿ, ಛಂದಾಗಿ ಹಿಡಿ."

ಸೊಂಟದಿಂದ ಕೀಲಿಕೈ ತೆಗೆದು, ಕೀಲಿ ಬಿಚ್ಚಿ, ಎರಡೂ ಬಾಗಿಲನ್ನು ಒಮ್ಮೆಲೇ ದೇವರ ಗರ್ಭಗುಡಿ ತೆರೆದಂತೆ ತೆರೆದಳು.

ಟ್ರೆಡ್‌ಮಿಲ್ಲು. ಹಾರ್ಮೋನಿಯಂ. ಭರತನಾಟ್ಯದ ಪೆಟ್ಟಿಗೆ. ಉಪ್ಪಿನಕಾಯಿಯ ಎಣ್ಣೆ ಕುಡಿದ ಸೋಫಾ ದಿಂಬುಗಳು. ನಡುವೆ, ತೊಟ್ಟಿಲು ಇರಬೇಕಾಗಿದ್ದಲ್ಲಿ, ಖಾಲಿ ಜಾಗ.

ಸುನೀಲನ ಫೋನು ಎಲ್ಲವನ್ನೂ ಛಂದಾಗಿ ಹಿಡಿಯುತ್ತಿತ್ತು.

"ಬಿದ್ದು ಹೋತೇನ್ರೀ?" ಸುಮಿತ್ರವ್ವ ಟ್ರೇಲರಿನೊಳಗೆ ತಲೆ ತೂರಿಸಿದಳು.

"ಕೀಲಿ ಹಾಕಿದ ಟ್ರೇಲರಿನಿಂದ ಹ್ಯಾಂಗ ಬೀಳತೈತಿ?" ಎಂದ ಮಹಾಂತಪ್ಪ. "ನಾ ಕೇಳಿದ್ದೆ, ಎಲ್ಲಾ ಬಂತಿಲ್ಲೋ ಅಂತ. ನೀ ಬಾಯಿ ಮುಚ್ಚು ಅಂದಿ. ಮುಚ್ಚಿದೆ."

ಪ್ರೇರಣಾ ಚೀಲದ ತಳದಿಂದ ಫೋನುಗಳನ್ನು ಅಗೆದು ತೆಗೆದಳು. ಚಂದ್ರಮೋಹನನ ಕರೆಗಳು ಇರುವೆ ಸಾಲಿನಂತೆ ಹರಿದಿದ್ದವು. ಅವಳು ಅವನಿಗೆ ತಿರುಗಿ ಕರೆ ಮಾಡಿ ಅವ್ವನ ಕಿವಿಗೆ ಹಿಡಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಡ್ರೈವ್ ಎಲ್ಲ ಆರಾಮಾಗಿ ಆಯ್ತಾ? ಊಟ ಆಯ್ತಾ? ಒಂದು ಸಣ್ಣ ವಿಷಯ. ತೊಟ್ಟಿಲು ನಮ್ಮ ಗ್ಯಾರೇಜಲ್ಲೇ ಇದೆ. ಖಾಲಿ ಇಡಬಾರದು ಅಂದ್ರಲ್ಲ ನೀವು, ಅದಕ್ಕೇ ನಮ್ಮ ಪಾಪೂನೇ ಮಲಗಿಸಿದೀವಿ. ಚೆನ್ನಾಗಿ ನಿದ್ದೆ ಮಾಡ್ತಿದಾನೆ. ಪಕ್ಕದ ಮನೆಯವರು ಮಾತ್ರ ಕಲ್ಲು ಕೇಳ್ಕೊಂಡು ಬಂದಿದ್ರು..."

ಗಂಗವ್ವ ನಕ್ಕಿದ್ದರೆ ಬದುಕಿಕೊಳ್ಳಬಹುದಿತ್ತು. ಆ ಮಹಾತಾಯಿ ನಗಲಿಲ್ಲ. 'ಆಗತೈತಿ ಬೀಗತ್ಯಾರ, ದೂರದ ದಾರಿ' ಎಂದು ಬೆನ್ನು ಸವರಿದಳು. "ಹೊತ್ತು ಮೀರತೈತಿ. ಕಲ್ಲರೆ ತಂದೀರಲ್ಲ. ಮೊದಲು ಕಲ್ಲು ಮಲಗಸಬೇಕು, ಅದು ತವರುಮನಿಯವರ ಕೈಯಿಂದನ ಆಗಬೇಕು. ಬರ್ರಿ."

ಬ್ಯಾಟರಿ ತೊಟ್ಟಿಲು ಹಜಾರದ ನಡುವೆ ಹೂ ಸುತ್ತಿಸಿಕೊಂಡು ಕೂತಿತ್ತು. ಸುಮಿತ್ರವ್ವ ಹಲ್ಲು ಕಚ್ಚಿ, ಈ ಕಲ್ಲಿನ ಭಾರಕ್ಕಾದರೂ ಮುರಿದು ಬೀಳಲಿ ಎಂದು ಮನಸಿನಲ್ಲೇ ಹರಕೆ ಹೊತ್ತು, ಕಲ್ಲನ್ನು ಅದರಲ್ಲಿಟ್ಟಳು. ಅದು ಮುರಿಯಲಿಲ್ಲ. ಎಂಜಿನಿಯರ್ ಅಳಿಯ ಉತ್ಸಾಹದಿಂದ ವಿವರಿಸಿದ: "ದನಿ ಕೇಳತೈತ್ರಿ ಅತ್ತಿ ಇದಕ್ಕ. ಕೂಸು ಚೀರಿದ್ರ ತಾನ ತೂಗತೈತಿ, ತಾನ ಹಾಡತೈತಿ. ಈಗ ಸುಮ್ಮನಿರತೈತಿ ನೋಡ್ರಿ, ಯಾರೂ ಅಳಾಕತ್ತಿಲ್ಲಲ್ಲ."

ಅದೇ ಗಳಿಗೆಯಲ್ಲಿ ಸುಮಿತ್ರವ್ವನ ಕಣ್ಣು ಮಹಾಂತಪ್ಪನ ಮೇಲೆ ಬಿತ್ತು. ಅವನು ತಟ್ಟೆಯ ತುಂಬ ಕೋಸಂಬರಿ ಹಾಕಿಕೊಂಡು ತಿನ್ನುತ್ತ ನಿಂತಿದ್ದ.

"ನಾಚಿಕಿ ಬರೂದಿಲ್ಲೇನ್ರೀ ನಿಮಗ! ಹಗುರ ಎಳೀಲಿಕ್ಕತ್ತೈತಿ ಅಂದವರು ಇಳದು ನೋಡಾಕ ಏನಾಗಿತ್ತು?"

ತೊಟ್ಟಿಲಿನಲ್ಲಿ ನೀಲಿ ದೀಪ ಹತ್ತಿತು. ಟಿಣ್ ಟಿಣ್ ಎಂದು ಇಂಗ್ಲಿಷ್ ಜೋಗುಳ ಹೊರಟಿತು. ಕಲ್ಲು ಅತ್ತಿಂದಿತ್ತ ತೂಗತೊಡಗಿತು.

"ಬಂದ್ ಮಾಡ್ರಿ ಅದನ್ನ!" ಎಂದು ಅವಳು ಕಿರಿಚಿದಳು. ಜೋಗುಳ ಇನ್ನೊಂದು ಸ್ಥಾಯಿಗೆ ಏರಿತು. ಹಜಾರದ ತುಂಬ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಸುಮಿತ್ರವ್ವ ಬಾಯಿ ಮುಚ್ಚಿದ ಮೇಲೆಯೇ ಯಂತ್ರಕ್ಕೆ ಸಮಾಧಾನವಾಯಿತು. ಆಮೇಲೆ ಕೂಸು ಮಲಗಿಸಿದರು, ಕಿವಿಯಲ್ಲಿ ಇಶಾ ಎಂದು ಹೆಸರಿಟ್ಟರು, ಹೆಸರು ಕರೆದವಳ ಬೆನ್ನಿಗೆ ಗುದ್ದು ಕೊಟ್ಟರು. ಕೂಸು ಆ ಪ್ಲಾಸ್ಟಿಕ್ಕಿನಲ್ಲಿ, ಅಜ್ಜಿಯ ವಂಶಕ್ಕೆ ಒಂದಿಷ್ಟೂ ಮರ್ಯಾದೆ ಕೊಡದೆ, ಸುಖವಾಗಿ ನಿದ್ದೆ ಹೋಯಿತು.

ಟ್ರೇಲರಿನ ಸಾಮಾನನ್ನೆಲ್ಲ ಹೂಸ್ಟನ್ನಿನವರು ರಾತ್ರಿಯೇ ಬಂದು ಒಯ್ದರು. ಮರುದಿನ ಬೆಳಿಗ್ಗೆ ನಿವೇದಿತಾ, 'ನನಗ ನಮ್ಮ ಮುತ್ತಜ್ಜಿ ತೊಟ್ಟಿಲನ ಬೇಕು' ಎಂದು ಕೂತಳು. ಸುಮಿತ್ರವ್ವನ ಜೀವ ತಂಪಾಯಿತು. ಆಸ್ಟಿನ್ನಿಗೆ ಹೋಗಿ ತರುವುದೆಂದು ತೀರ್ಮಾನವಾಯಿತು. ಆಗ ಗಂಗವ್ವ ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಬಾಯಿ ತೆರೆದಳು.

"ಹಂಗಾದ್ರ ಈ ಬ್ಯಾಟರಿದು ನಮಗೇನು ಬೇಕು? ಆಸ್ಟಿನ್ ದಾಟಿದ್ರ ಟೇಲರ್ ಊರಾಗ ನಮ್ಮ ತಂಗಿ ಮಗಳಿಗೆ ದಿನ ತುಂಬ್ಯಾವ. ಹೋಗೂಮುಂದ ಟ್ರೇಲರ್ ಖಾಲಿ ಹೊಂಟೈತಲ್ಲ ಬೀಗತ್ಯಾರ... ಈಟು ಮುಟ್ಟಿಸಿಬಿಡ್ರಿ."

ನಿನ್ನೆ ಒಂದು ಕಡ್ಡಿಯೂ ಹೋಗದು ಎಂದು ಕೀಲಿ ಜಡಿದ ಬಾಯಿಂದ ಇಂದು ಹೊರಬಂದದ್ದು, "ಹೂಂ... ಕೊಡ್ರಿ."

"ಆದ್ರ ಒಂದು," ಎಂದಳು ಗಂಗವ್ವ. "ಖಾಲಿ ತೊಟ್ಟಿಲ ಒಯ್ಯಬಾರದು. ನಿಮಗ ಗೊತ್ತಿಲ್ಲದ್ದಲ್ಲ."

ಗುಂಡಕಲ್ಲು ಮತ್ತೆ ಕುಂಚಿಗೆ ಕಟ್ಟಿಸಿಕೊಂಡಿತು. ಟ್ರೇಲರಿನ ಮೇಲೆ ಸುಮಿತ್ರವ್ವನಿಗೆ ನಂಬಿಕೆಯೇ ಹಾರಿಹೋಗಿತ್ತು. ಈ ಸಲ ತೊಟ್ಟಿಲು ನನ್ನ ಕಣ್ಣ ಮುಂದೆಯೇ ಇರಬೇಕು ಎಂದು ಹಟ ಹಿಡಿದಳು. ಹೀಗಾಗಿ ಬ್ಯಾಟರಿ ತೊಟ್ಟಿಲು ಹಿಂದಿನ ಸೀಟಿನಲ್ಲಿ ಪ್ರೇರಣಾಳ ಪಕ್ಕ ಕೂತಿತು, ಅದರೊಳಗೆ ಕಲ್ಲು ಮಲಗಿತು, ಬೆಲ್ಟ್ ಬಿಗಿಯಿತು. ಅದನ್ನು ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದರೆ ಪ್ರೇರಣಾ, "ಐ ಡೋಂಟ್ ನೋ, ಅವ್ವಾ," ಎಂದು ಕಣ್ಣು ಮುಚ್ಚಿದಳು. ಹುಡುಗಿಯ ತುಟಿಯ ಅಂಚು ನಗುತ್ತಿತ್ತು.

ಹೂಸ್ಟನ್ ದಾಟುವ ಮೊದಲೇ ಮಹಾಂತಪ್ಪ ತಪ್ಪು ಸಾಲಿಗೆ ನುಗ್ಗಿದ. "ಕಣ್ಣು ಕಾಣೂದಿಲ್ಲೇನ್ರೀ!" ಎಂದಳು ಸುಮಿತ್ರವ್ವ. ಹಿಂದೆ ಟಿಣ್ ಟಿಣ್ ಸುರುವಾಯಿತು. ಲಾರಿಯೊಂದು ಅಡ್ಡ ಬಂದಾಗ ಲಾರಿಯವನ ವಂಶವನ್ನು ವಿಚಾರಿಸಿಕೊಂಡಳು, ಅದಕ್ಕೂ ಜೋಗುಳ. ಬ್ಯಾಟರಿ ಎಷ್ಟು ಹೊತ್ತು ಬಾಳೀತು ಎಂದು ಕೇಳಿದರೆ, ಅಳಿಯ ನಿನ್ನೆಯಷ್ಟೇ ಹೊಸದು ಹಾಕಿದ್ದಾನೆ ಎಂಬ ಸುದ್ದಿ ಬಂತು. ಕೊನೆಗೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಿನಲ್ಲೇ ಬೈಯುತ್ತ ಕೂತಳು.

ಮದುವೆಯಾದಂದಿನಿಂದ ಮಹಾಂತಪ್ಪನಿಗೆ ಇಂಥ ಪ್ರಯಾಣ ಸಿಕ್ಕಿರಲಿಲ್ಲ. ಅವನು ಕಿಟಕಿಗೆ ಮೊಣಕೈ ಊರಿದ, ಸಿಳ್ಳೆ ಹಾಕಿದ, ಹೊಲದ ದನಗಳನ್ನು ನೋಡಿದ, ಮಳೆ ಬೆಳೆಯ ಬಗ್ಗೆ ತನ್ನಷ್ಟಕ್ಕೆ ಮಾತಾಡಿಕೊಂಡ. ಹಾಗೆ ಮಾತಾಡುತ್ತಲೇ ಆಸ್ಟಿನ್ನಿಗೆ ತಿರುಗಬೇಕಾದ ದಾರಿಯನ್ನು ನೆಟ್ಟಗೆ ದಾಟಿಕೊಂಡು ಮುಂದೆ ಹೋದ.

ಸುಮಿತ್ರವ್ವ ಆ ಹಸಿರು ಹಲಗೆ ಬರುವುದನ್ನು ನೋಡಿದಳು. ತಲೆಯ ಮೇಲೆ ಹಾಯ್ದು ಹೋಗುವುದನ್ನು ನೋಡಿದಳು. ಗಂಡನ ತೊಡೆ ಚಿವುಟಿದಳು; ಅವನು ಅದನ್ನು ಪ್ರೀತಿ ಎಂದು ತಿಳಿದು ನಾಚಿದ. ಇನ್ನು ತಡೆಯಲಾಗಲಿಲ್ಲ. ಸೆರಗು ಕಿತ್ತೊಗೆದು, ನಿನ್ನೆಯದೂ ಇಂದಿನದೂ ಕೂಡಿಸಿ, ಗಾಜು ಅದುರುವಂತೆ ಒಂದೇ ಒಂದು ಚೀರು ಚೀರಿದಳು.

ಹಿಂದೆ ನೀಲಿ ದೀಪ ಹತ್ತಿತು. ಕಲ್ಲು ತೂಗತೊಡಗಿತು.

ಮಹಾಂತಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, ಬಲು ಮೆತ್ತಗೆ ಹೇಳಿದ: "ಶ್... ಮಲಗಿದ್ದ ಕೂಸು ಎದ್ದಿತು ನೋಡು."